ಗಿಟಾರಿನ ನಾದವೂ ಅದರ ತಲೆಯ ಮೇಲಿನ ಹೆಸರೂ

ಧ್ವನಿಶಾಸ್ತ್ರದ ಪಾಠದಲ್ಲಿ ವಾದ್ಯಗಳ ಮಾತು ಬಂದೊಡನೆ ತರಗತಿಯಲ್ಲಿ ಒಂದು ಬಗೆಯ ಎಚ್ಚರ ಮೂಡುವುದುಂಟು. ತೂಕಡಿಸುತ್ತಿದ್ದವರೂ ತಲೆಯೆತ್ತುತ್ತಾರೆ. ಅಂತಹ ಒಂದು ಪಾಠ ಮುಗಿದ ಮೇಲೆ ಎರಡನೆಯ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬನು ನಮ್ಮ ಬಳಿಗೆ ಬಂದನು. ಅವನಲ್ಲಿ ಇಂಡೋನೇಷ್ಯಾದಲ್ಲಿ ತಯಾರಾದ ಅಗ್ಗದ ವಿದ್ಯುತ್ ಗಿಟಾರ್ ಒಂದಿದ್ದಿತು. ಅದೇ ಆಕಾರದ, ಅಮೆರಿಕದಲ್ಲಿ ತಯಾರಾದ ಗಿಟಾರಿಗೆ ಅದರ ಐದಾರು ಪಟ್ಟು ಬೆಲೆ. “ಅಮೆರಿಕದ ಗಿಟಾರಿನ ನಾದ ಇದರಲ್ಲಿ ಬರುವುದೇ ಇಲ್ಲವಂತೆ, ಸರ್. ಭೌತಶಾಸ್ತ್ರ ಏನು ಹೇಳುತ್ತದೆ?” ಎಂದು ಕೇಳಿದನು. ಮಾತು ಬೆಳೆದಂತೆ, ಅವನು ಸಂಜೆಯ ಹೊತ್ತು ಹೈಸ್ಕೂಲು ಹುಡುಗರಿಗೆ ಮನೆಪಾಠ ಹೇಳಿ ಹಣ ಕೂಡಿಹಾಕುತ್ತಿರುವನೆಂದೂ, ಅಮೆರಿಕದ ಗಿಟಾರು ಕೈಗೆ ಬರುವವರೆಗೆ ನುಡಿಸುವುದೇ ವ್ಯರ್ಥವೆಂದು ಬಗೆದು ಎಂಟು ತಿಂಗಳಿನಿಂದ ಅಭ್ಯಾಸವನ್ನೇ ನಿಲ್ಲಿಸಿರುವನೆಂದೂ ತಿಳಿಯಿತು. ಹಣ ಅವನದು, ಅದನ್ನು ಹೇಗೆ ವೆಚ್ಚ ಮಾಡಬೇಕೆಂಬುದು ಅವನಿಗೆ ಬಿಟ್ಟ ವಿಷಯ. ಆದರೆ ಎಂಟು ತಿಂಗಳ ಅಭ್ಯಾಸ ಕೈಬಿಟ್ಟುಹೋದುದನ್ನು ಕೇಳಿ ನಮಗೆ ವ್ಯಥೆಯಾಯಿತು. ಈ ಲೇಖನಕ್ಕೆ ಅದೇ ಪ್ರೇರಣೆ.

ಈ ಪ್ರಶ್ನೆ ನಮ್ಮ ವಿದ್ಯಾರ್ಥಿಯೊಬ್ಬನದೇ ಅಲ್ಲ. ಸ್ವತಃ ಅಮೆರಿಕದಲ್ಲಿಯೇ, ಆಮದಾದ ಅಗ್ಗದ ಗಿಟಾರು ಒಳ್ಳೆಯದೋ ಸ್ವದೇಶದ ದುಬಾರಿಯ ಗಿಟಾರು ಒಳ್ಳೆಯದೋ ಎಂಬ ವಾದವು 1970ರ ದಶಕದಿಂದ ಇಂದಿನವರೆಗೂ ನಡೆದುಬಂದಿದೆ. ನಮ್ಮ ದೇಶದಲ್ಲಂತೂ ಎರಡೂ ಆಮದಿನವೇ; ಆದರೂ ಒಂದನ್ನು ಮಾತ್ರ ‘ಅಸಲಿ’ ಎಂದೂ ಇನ್ನೊಂದನ್ನು ‘ನಕಲಿ’ ಎಂದೂ ಕರೆಯುವ ರೂಢಿ ನಮ್ಮಲ್ಲಿಗೂ ಬಂದಿದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ದುಬಾರಿಯ ಗಿಟಾರಿನಲ್ಲಿ ಹಣಕ್ಕೆ ತಕ್ಕ ಗುಣಗಳು ಕೆಲವು ಇವೆ. ಆದರೆ ಅವು ದೇಶದಿಂದ ಬಂದವಲ್ಲ, ಕೆಲಸಕ್ಕೆ ಕೊಟ್ಟ ಹೊತ್ತಿನಿಂದ ಬಂದವು. ನಾದದ ಅಂತರವೆಂದು ಜನ ಹೇಳುವುದರಲ್ಲಿ ಬಹುಭಾಗವನ್ನು ಒಂದು ಸ್ಕ್ರೂಡ್ರೈವರಿನಿಂದಲೂ ಹೊಸ ತಂತಿಗಳಿಂದಲೂ ಸರಿಪಡಿಸಬಹುದು. ಉಳಿದುದರಲ್ಲಿ ಒಂದು ಪಾಲು ಕೇಳುವವನ ಮನಸ್ಸಿನಲ್ಲಿಯೇ ಇರುವಂಥದು.

ಮೊದಲು ಈ ವಾದ್ಯವು ಹೇಗೆ ಕೆಲಸಮಾಡುವುದೆಂಬುದನ್ನು ನೋಡೋಣ. ಸಾಮಾನ್ಯ ಗಿಟಾರಿನಲ್ಲಿ ತಂತಿಯ ಕಂಪನವು ಮರದ ಪೆಟ್ಟಿಗೆಯನ್ನು ಕಂಪಿಸುವಂತೆ ಮಾಡಿ, ಅದರ ಮೂಲಕ ಗಾಳಿಯನ್ನು ಸೇರುತ್ತದೆ. ವಿದ್ಯುತ್ ಗಿಟಾರಿನ ಮಾರ್ಗವೇ ಬೇರೆ. ಅದರ ಉಕ್ಕಿನ ತಂತಿಗಳ ಕೆಳಗೆ ‘ಪಿಕಪ್’ ಎಂಬ ಸಾಧನವಿರುತ್ತದೆ. ಅದು ಬೇರೇನೂ ಅಲ್ಲ. ಅಯಸ್ಕಾಂತಗಳ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಅಯಸ್ಕಾಂತದ ಸಾಮೀಪ್ಯದಿಂದ ಉಕ್ಕಿನ ತಂತಿಗೂ ಕಾಂತಗುಣ ಬರುತ್ತದೆ. ಅದು ಕಂಪಿಸಿದಾಗ ಸುರುಳಿಯನ್ನು ಹಾದುಹೋಗುವ ಕಾಂತರೇಖೆಗಳ ಪ್ರಮಾಣ ಏರಿಳಿಯುವುದರಿಂದ ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ನಿಯಮವೇ ಇದು. ನಮ್ಮ ಓದುಗರಲ್ಲಿ ಹಲವರು ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿರಲೂಬಹುದು. ಈ ತತ್ತ್ವವನ್ನು ಗಿಟಾರಿಗೆ ಅಳವಡಿಸಿದ ಜಾರ್ಜ್ ಬೋಷಾಂ ಎಂಬಾತನಿಗೆ 1937ರಲ್ಲಿ ಅಮೆರಿಕದ ಪೇಟೆಂಟು ದೊರೆಯಿತು. ಅನಂತರ ಕ್ಯಾಲಿಫೋರ್ನಿಯಾದ ಫುಲರ್ಟನ್ ಪಟ್ಟಣದ ಲಿಯೋ ಫೆಂಡರ್ ಎಂಬಾತನು ಪೊಳ್ಳು ಪೆಟ್ಟಿಗೆಯನ್ನೇ ಕೈಬಿಟ್ಟು, ಗಟ್ಟಿಮರದ ಹಲಗೆಯ ಒಡಲುಳ್ಳ ಗಿಟಾರನ್ನು 1950ರಲ್ಲಿ ಮಾರಾಟಕ್ಕೆ ತಂದನು. ಅದು 1951ರಿಂದ ‘ಟೆಲಿಕಾಸ್ಟರ್’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. 1952ರಲ್ಲಿ ಗಿಬ್ಸನ್ ಸಂಸ್ಥೆಯ ‘ಲೆಸ್ ಪಾಲ್’, 1954ರಲ್ಲಿ ಫೆಂಡರಿನ ‘ಸ್ಟ್ರ್ಯಾಟೊಕಾಸ್ಟರ್’ ಬಂದುವು. ಇಂದು ಜಗತ್ತಿನಲ್ಲಿ ಮಾರಾಟವಾಗುವ ವಿದ್ಯುತ್ ಗಿಟಾರುಗಳಲ್ಲಿ ಬಹಳಷ್ಟು ಈ ಮೂರರ ಸಂತಾನವೇ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಲಿಯೋ ಫೆಂಡರ್ ಮೂಲತಃ ರೇಡಿಯೋ ದುರಸ್ತಿ ಮಾಡುತ್ತಿದ್ದವನು. ಅವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ರೇಡಿಯೋದ ಭಾಗಗಳನ್ನು ಬಿಚ್ಚಿ ಬದಲಾಯಿಸುವಂತೆಯೇ ಗಿಟಾರಿನ ಭಾಗಗಳನ್ನೂ ಬದಲಾಯಿಸುವಂತಿರಬೇಕೆಂಬುದು ಅವನ ಯೋಜನೆ. ಕುತ್ತಿಗೆಯನ್ನು ಅಂಟು ಹಾಕಿ ಕೂಡಿಸುವ ಬದಲು ನಾಲ್ಕು ತಿರುಪುಗಳಿಂದ ಒಡಲಿಗೆ ಬಿಗಿದನು. ನಮ್ಮ ವೀಣೆಯನ್ನು ಮಾಡುವ ಕುಶಲಿಯು ಮೇಣದ ಮೇಲೆ ಇಪ್ಪತ್ತನಾಲ್ಕು ಮೆಟ್ಟುಗಳನ್ನು ಒಂದೊಂದಾಗಿ ಕಿವಿಗೊಟ್ಟು ಕೂಡಿಸುತ್ತಾನೆ; ಅಲ್ಲಿ ಕುಶಲಿಯ ಕಿವಿಯೇ ಪ್ರಮಾಣ. ಫೆಂಡರನ ಗಿಟಾರಾದರೋ ಅಂತಹ ಕುಶಲಿಯ ಹಂಗಿಲ್ಲದೆ, ಯಂತ್ರಗಳಿರುವ ಯಾವ ಕಾರ್ಖಾನೆಯಲ್ಲಿಯಾದರೂ ತಯಾರಾಗಲೆಂದೇ ರೂಪುಗೊಂಡ ವಾದ್ಯ. ಅದನ್ನು ಬೇರೊಂದು ದೇಶದಲ್ಲಿ ಮಾಡಿದರೆ ಅದರ ಜೀವ ಹೋಗುವುದೆಂದು ವಾದಿಸುವುದು ಅದನ್ನು ರೂಪಿಸಿದವನ ಉದ್ದೇಶವನ್ನೇ ಅಲ್ಲಗಳೆದಂತೆ.

ಇನ್ನು ನಾದದ ವಿಚಾರ. ತಂತಿಯ ಆವೃತ್ತಿಯನ್ನು ನಿರ್ಣಯಿಸುವುವು ಮೂರೇ ಮೂರು: ಉದ್ದ, ಬಿಗಿತ ಮತ್ತು ಒಂದು ಮೀಟರ್ ತಂತಿಯ ದ್ರವ್ಯರಾಶಿ. ತಯಾರಾದ ದೇಶಕ್ಕೆ ಆ ಸೂತ್ರದಲ್ಲಿ ಸ್ಥಳವಿಲ್ಲ. “ಸ್ವರವು ಒಂದೇ ಆಗಿರಬಹುದು, ಆದರೆ ನಾದದ ಬಣ್ಣ ಬೇರೆ” ಎಂದು ವಾದಿಸುವವರುಂಟು. ಇದು ಸರಿಯಾದ ಆಕ್ಷೇಪಣೆ. ಮೂಲಸ್ವರದೊಡನೆ ಯಾವ ಯಾವ ಉಪಸ್ವರಗಳು ಎಷ್ಟೆಷ್ಟು ಬೆರೆತಿವೆ ಎಂಬುದರ ಮೇಲೆ ನಾದದ ಬಣ್ಣ ನಿಂತಿದೆ. ಪಿಕಪ್ಪಿನಲ್ಲಿ ಈ ಬೆರಕೆ ಹೇಗೆ ಬದಲಾಗುವುದೆಂಬುದನ್ನು ಲೆಕ್ಕಮಾಡಿಯೇ ನೋಡಬಹುದು.

ಪಿಕಪ್ಪಿನ ಸುರುಳಿಗೆ ಸ್ವಪ್ರೇರಕತ್ವವಿದೆ. ಗಿಟಾರನ್ನು ಧ್ವನಿವರ್ಧಕಕ್ಕೆ ಜೋಡಿಸುವ ಕೇಬಲ್ಲಿಗೆ ವಿದ್ಯುತ್ ಧಾರಕತ್ವವಿದೆ. ಎರಡೂ ಕೂಡಿ, ರೇಡಿಯೋದ ಶ್ರುತಿ ಮಂಡಲದಂತೆ, ಒಂದು ನಿರ್ದಿಷ್ಟ ಆವೃತ್ತಿಯ ಬಳಿ ಅನುರಣಿಸುತ್ತವೆ. ಆ ಆವೃತ್ತಿಯ ಆಸುಪಾಸಿನ ಉಪಸ್ವರಗಳು ಎದ್ದು ಕೇಳುತ್ತವೆ. ಅದಕ್ಕೂ ಮೇಲಿನವು ಬೇಗನೆ ಕುಗ್ಗುತ್ತವೆ. ಪಿಕಪ್ಪಿನ ಸ್ವಪ್ರೇರಕತ್ವ 2.5 ಹೆನ್ರಿ ಎಂದಿಟ್ಟುಕೊಳ್ಳೋಣ. ಕೇಬಲ್ಲಿನ ಪ್ರತಿಯೊಂದು ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಎಂದರೆ, ಐದು ಮೀಟರ್ ಕೇಬಲ್ಲಿಗೆ 500 ಪಿಕೊಫ್ಯಾರಡ್ ಆಯಿತು. ಲೆಕ್ಕ ಮಾಡಿದರೆ ಅನುರಣನೆಯ ಆವೃತ್ತಿಯು ಸುಮಾರು 4500 ಹರ್ಟ್ಸ್ ಬರುತ್ತದೆ. ಈಗ ಅದೇ ಗಿಟಾರಿಗೆ ಹತ್ತು ಮೀಟರ್ ಕೇಬಲ್ಲನ್ನು ಜೋಡಿಸಿರಿ. ಆವೃತ್ತಿಯು ಸುಮಾರು 3200 ಹರ್ಟ್ಸಿಗೆ ಇಳಿದು, ನಾದವು ಮೊದಲಿಗಿಂತ ಮಂದವಾಗಿ ಕೇಳುತ್ತದೆ. ಗಿಟಾರು ಬದಲಾಗಲಿಲ್ಲ, ಪಿಕಪ್ಪು ಬದಲಾಗಲಿಲ್ಲ; ಕೇಬಲ್ಲಿನ ಉದ್ದವೊಂದೇ ಬದಲಾಯಿತು. ಎರಡು ಗಿಟಾರುಗಳನ್ನು ಬೇರೆ ಬೇರೆ ಕೇಬಲ್ಲುಗಳಿಂದ, ಬೇರೆ ಬೇರೆ ಧ್ವನಿವರ್ಧಕಗಳ ಮೂಲಕ ಕೇಳಿ, ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವವರು ಏನನ್ನು ಹೋಲಿಸುತ್ತಿದ್ದಾರೆಂದು ಓದುಗರೇ ಊಹಿಸಬಹುದು.

ಅಗ್ಗದ ಗಿಟಾರಿನ ಪಿಕಪ್ಪು ದುಬಾರಿಯದಕ್ಕಿಂತ ಭಿನ್ನವಾಗಿರುವುದು ನಿಜ. ದುಬಾರಿಯದರಲ್ಲಿ ಅಲ್ಯುಮಿನಿಯಂ, ನಿಕ್ಕಲ್, ಕೋಬಾಲ್ಟ್ ಸೇರಿದ ‘ಆಲ್ನಿಕೊ’ ಎಂಬ ಮಿಶ್ರಲೋಹದ ಅಯಸ್ಕಾಂತಗಳು ಪ್ರತಿಯೊಂದು ತಂತಿಯ ಕೆಳಗೂ ಇರುವುದು ಸಾಮಾನ್ಯ. ಅಗ್ಗದ ಹಲವು ಮಾದರಿಗಳಲ್ಲಿ ಉಕ್ಕಿನ ಕಂಬಿಗಳನ್ನಿಟ್ಟು, ಅವುಗಳ ಕೆಳಗೆ ಪಿಂಗಾಣಿಯ ಜಾತಿಯ ಅಯಸ್ಕಾಂತದ ಪಟ್ಟಿಯನ್ನು ಅಂಟಿಸಿರುತ್ತಾರೆ. ಇದರಿಂದ ಸ್ವಪ್ರೇರಕತ್ವ ಬೇರೆಯಾಗುತ್ತದೆ, ನಾದವೂ ಬೇರೆಯಾಗುತ್ತದೆ. ಆದರೆ ‘ಬೇರೆ’ ಎಂಬ ಪದಕ್ಕೆ ‘ಕೀಳು’ ಎಂಬ ಅರ್ಥವಿಲ್ಲ. ಅಲ್ಲದೆ, ಬೇಕೆನಿಸಿದರೆ ಪಿಕಪ್ಪೊಂದನ್ನೇ ಕೊಂಡು, ಎರಡು ಕಡೆ ಬೆಸುಗೆ ಹಾಕಿ ಬದಲಾಯಿಸಬಹುದು. ಅದಕ್ಕಾಗಿ ಇಡೀ ಗಿಟಾರನ್ನು ಬದಲಾಯಿಸಬೇಕಾದುದಿಲ್ಲ.

ಮೆಟ್ಟುಗಳ ಸ್ಥಾನದ ವಿಷಯವೂ ಹೀಗೆಯೇ. ಸ್ಟ್ರ್ಯಾಟೊಕಾಸ್ಟರ್ ಮಾದರಿಯಲ್ಲಿ ಕಂಪಿಸುವ ತಂತಿಯ ಉದ್ದ 648 ಮಿಲಿಮೀಟರ್. ಹನ್ನೆರಡನೆಯ ಮೆಟ್ಟು ಅದರ ನಟ್ಟನಡುವೆ, 324 ಮಿಲಿಮೀಟರಿನಲ್ಲಿ, ಇರಬೇಕು. ಯಂತ್ರವು 0.1 ಮಿಲಿಮೀಟರಿನಷ್ಟು ತಪ್ಪಿ ಕೊರೆಯಿತೆನ್ನೋಣ. ಪಕ್ಕಪಕ್ಕದ ಎರಡು ಸ್ವರಗಳ ಅಂತರವನ್ನು ನೂರು ಪಾಲು ಮಾಡಿ, ಒಂದೊಂದು ಪಾಲನ್ನು ‘ಸೆಂಟ್’ ಎಂದು ಕರೆಯುತ್ತಾರೆ. ಆ ಅಳತೆಯಲ್ಲಿ ಈ ತಪ್ಪು ಅರ್ಧ ಸೆಂಟ್ ಮಾತ್ರ. ನುರಿತ ಕಿವಿಗೂ ಐದಾರು ಸೆಂಟ್‌ಗಿಂತ ಕಡಮೆಯ ಅಂತರವನ್ನು ಗುರುತಿಸುವುದು ಕಷ್ಟ. ಇದಕ್ಕೆ ಬದಲಾಗಿ, ತಂತಿಯು ಕುಳಿತಿರುವ ಕುದುರೆಯು ತನ್ನ ಸರಿಯಾದ ಸ್ಥಾನದಿಂದ 3 ಮಿಲಿಮೀಟರ್ ಹಿಂದೆ ಸರಿದಿದ್ದರೆ, ಹನ್ನೆರಡನೆಯ ಮೆಟ್ಟಿನ ಸ್ವರ ಸುಮಾರು 8 ಸೆಂಟ್ ಇಳಿಯುತ್ತದೆ. ಇದು ಕಿವಿಗೆ ಕಹಿಯಾಗಿ ತಾಕುತ್ತದೆ. ಮೊದಲನೆಯದು ಯಂತ್ರದ ತಪ್ಪು; ಎರಡನೆಯದು ಒಂದು ತಿರುಪನ್ನು ತಿರುಗಿಸದೆ ಬಿಟ್ಟುದರ ತಪ್ಪು. ಗಣಕದ ಆಜ್ಞೆಯಂತೆ ಚಲಿಸಿ ಮರವನ್ನು ಕೊರೆಯುವ ಯಂತ್ರಗಳು ಈಗ ಕ್ಯಾಲಿಫೋರ್ನಿಯಾದಲ್ಲಿರುವಂತೆಯೇ ಇಂಡೋನೇಷ್ಯಾದಲ್ಲಿಯೂ ಚೀನದಲ್ಲಿಯೂ ಇವೆ. ಕೊರೆತದ ನಿಖರತೆಯಲ್ಲಿ ಹಿಂದೆ ಇದ್ದ ದೊಡ್ಡ ಅಂತರ ಇಂದು ಉಳಿದಿಲ್ಲ.

ಮರದ ಮಹಿಮೆಯನ್ನು ಕುರಿತು ಬಹಳ ಮಾತುಗಳುಂಟು. ಗಟ್ಟಿ ಒಡಲಿನ ಗಿಟಾರಿನಲ್ಲಿ ಪಿಕಪ್ಪು ಕೇಳುವುದು ಗಾಳಿಯನ್ನಲ್ಲ, ತಂತಿಯ ಚಲನೆಯನ್ನು. ಮರವು ತಂತಿಯ ಎರಡು ತುದಿಗಳ ಮೂಲಕ ಅದರ ಶಕ್ತಿಯನ್ನು ಸ್ವಲ್ಪ ಸ್ವಲ್ಪವಾಗಿ ಹೀರುವುದರಿಂದ ಮಾತ್ರ ನಾದದ ಮೇಲೆ ಪ್ರಭಾವ ಬೀರಬಲ್ಲದು. ಫ್ರಾನ್ಸಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸ್ವರವು ಎಷ್ಟು ಹೊತ್ತು ನಿಲ್ಲುವುದೆಂಬುದಕ್ಕೂ ಕುತ್ತಿಗೆಯು ಆ ಮೆಟ್ಟಿನ ಸ್ಥಾನದಲ್ಲಿ ಎಷ್ಟು ಸುಲಭವಾಗಿ ಕಂಪಿಸುವುದೆಂಬುದಕ್ಕೂ ಇರುವ ಸಂಬಂಧವನ್ನು ಅಳೆದು ತೋರಿಸಿದರು. ಎಂದರೆ, ಮರಕ್ಕೆ ಪ್ರಭಾವವೇ ಇಲ್ಲವೆನ್ನುವುದು ತಪ್ಪು. ಆದರೆ ಅದು ಆ ಮರದ ತುಂಡಿನ ಗುಣವೇ ಹೊರತು ದೇಶದ ಗುಣವಲ್ಲ. ಸಾಮಾನ್ಯ ಗಿಟಾರಿನ ವಿಷಯದಲ್ಲಿಯೂ ಇಂಗ್ಲೆಂಡಿನ ಲಂಕಾಸ್ಟರ್ ವಿಶ್ವವಿದ್ಯಾನಿಲಯದವರು ಭಾಗವಹಿಸಿದ್ದ ಒಂದು ಪ್ರಯೋಗದ ಫಲ 2018ರಲ್ಲಿ ಪ್ರಕಟವಾಯಿತು. ಬೆನ್ನಿನ ಮತ್ತು ಪಕ್ಕದ ಮರವೊಂದರಲ್ಲಿ ಮಾತ್ರ ಭಿನ್ನವಾದ ಆರು ಗಿಟಾರುಗಳನ್ನು 52 ಮಂದಿ ವಾದಕರು ಕಣ್ಣಿಗೆ ಕಾಣದಂತೆ ನುಡಿಸಿ ನೋಡಿದರು. ಅಗ್ಗದ ಮರಕ್ಕೂ ದುರ್ಲಭವಾದ ಮರಕ್ಕೂ ಅವರು ಕೊಟ್ಟ ಅಂಕಗಳು ಹೆಚ್ಚುಕಡಮೆ ಒಂದೇ ಆಗಿದ್ದುವು.

ಮರದ ಮಾತು ಬಂದುದರಿಂದ, ನಮ್ಮವರು ತಿಳಿದಿರಬೇಕಾದ ಸಂಗತಿಯೊಂದನ್ನು ಹೇಳಬೇಕು. 1960ರ ದಶಕದ ಕೊನೆಯ ವೇಳೆಗೆ ಬ್ರೆಜಿಲ್ ದೇಶದ ರೋಸ್‌ವುಡ್ ದುರ್ಲಭವಾಗಲು, ಅಮೆರಿಕದ ಗಿಟಾರು ತಯಾರಕರು ಭಾರತದ ರೋಸ್‌ವುಡ್ಡಿನ ಕಡೆಗೆ ತಿರುಗಿದರು. ಅದು ಮತ್ತಾವುದೂ ಅಲ್ಲ, ನಮ್ಮ ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಬೆಳೆಯುವ ಬೀಟೆಯ ಮರ. ‘ಅಪ್ಪಟ ಅಮೆರಿಕದ್ದು’ ಎನಿಸಿಕೊಂಡ ಎಷ್ಟೋ ಗಿಟಾರುಗಳಲ್ಲಿ ಬೆರಳಾಡುವ ಪಟ್ಟಿ ಇದೇ ಜಾತಿಯ ಮರದ್ದು. 2017ರ ಜನವರಿಯಲ್ಲಿ ಬೀಟೆಯೂ ಸೇರಿದಂತೆ ಆ ಕುಲದ ಮರಗಳೆಲ್ಲದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ನಿರ್ಬಂಧ ಬಂದಿತು. ಗಿಟಾರು ಗಡಿ ದಾಟಬೇಕಾದರೆ ಅನುಮತಿಪತ್ರ ಬೇಕಾಯಿತು. ಕೂಡಲೇ ಫೆಂಡರ್ ಸಂಸ್ಥೆಯು ಮೆಕ್ಸಿಕೋದಲ್ಲಿ ಮಾಡುವ ಗಿಟಾರುಗಳಿಗೆ ಬೀಟೆಯ ಬದಲು ದಕ್ಷಿಣ ಅಮೆರಿಕದ ‘ಪಾವ್ ಫೆರೋ’ ಎಂಬ ಮರವನ್ನು ಬಳಸತೊಡಗಿತು. ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ದೊರೆಯಿತು. ಮರವನ್ನು ಆರಿಸಿದುದು ಇಲ್ಲಿ ಸಂಗೀತಗಾರನ ಕಿವಿಯಲ್ಲ, ಸುಂಕದ ಕಟ್ಟೆಯ ಕಾಗದ.

ಹಾಗಾದರೆ ಅಮೆರಿಕದ್ದೇ ಶ್ರೇಷ್ಠವೆಂಬ ಭಾವನೆ ಎಲ್ಲಿಂದ ಬಂತು? ಮೊದಲ ವರ್ಷಗಳಲ್ಲಿ ಅದು ಸತ್ಯವೇ ಆಗಿದ್ದಿತು. ಆದರೆ 1965ರಲ್ಲಿ ಸಿ.ಬಿ.ಎಸ್. ಎಂಬ ದೊಡ್ಡ ಪ್ರಸಾರಸಂಸ್ಥೆಯು ಫೆಂಡರನ್ನು ಕೊಂಡುಕೊಂಡಿತು. ಅನಂತರದ ವರ್ಷಗಳಲ್ಲಿ ಉತ್ಪಾದನೆ ಹೆಚ್ಚಿ, ಗುಣ ಇಳಿಯಿತೆಂದು ವಾದಕರು ದೂರತೊಡಗಿದರು. ಅದೇ ಕಾಲದಲ್ಲಿ ಜಪಾನಿನ ಕಾರ್ಖಾನೆಗಳು ಅಮೆರಿಕದ ಮಾದರಿಗಳನ್ನು ಯಥಾವತ್ತಾಗಿ ಅನುಕರಿಸಿ, ಕಡಮೆ ಬೆಲೆಗೆ ಮಾರತೊಡಗಿದುವು. 1977ರಲ್ಲಿ ಗಿಬ್ಸನ್ನಿನ ಒಡೆತನದ ಸಂಸ್ಥೆಯು ಇಬಾನೆಜ್ ಗಿಟಾರುಗಳನ್ನು ಅಮೆರಿಕದಲ್ಲಿ ಮಾರುತ್ತಿದ್ದವರ ಮೇಲೆ, ಗಿಟಾರಿನ ತಲೆಯ ಆಕಾರವನ್ನು ನಕಲು ಮಾಡಿದರೆಂದು, ದಾವೆ ಹೂಡಿತು. ನ್ಯಾಯಾಲಯಕ್ಕೆ ಹೋದುದು ನಾದದ ವಿಷಯವಲ್ಲ, ತಲೆಯ ಆಕಾರದ ವಿಷಯ ಎಂಬುದನ್ನು ಓದುಗರು ಮರೆಯಬಾರದು. 1982ರಲ್ಲಿ ಫೆಂಡರ್ ಸಂಸ್ಥೆಯೇ ಜಪಾನಿನಲ್ಲಿ ಗಿಟಾರು ಮಾಡಿಸತೊಡಗಿತು. ‘ಸ್ಕ್ವಾಯರ್’ ಎಂಬ ಅಗ್ಗದ ಗಿಟಾರು ಹುಟ್ಟಿದುದು ಆಗಲೇ. 1985ರಲ್ಲಿ ಸಂಸ್ಥೆಯು ಮತ್ತೆ ಕೈ ಬದಲಾಯಿಸಿದಾಗ ಫುಲರ್ಟನ್ನಿನ ಕಾರ್ಖಾನೆಯು ಹೊಸ ಒಡೆಯರಿಗೆ ಸಿಕ್ಕಲಿಲ್ಲ. ಕ್ಯಾಲಿಫೋರ್ನಿಯಾದ ಕರೋನಾ ಪಟ್ಟಣದಲ್ಲಿ ಹೊಸ ಕಾರ್ಖಾನೆ ನೆಲೆಗೊಳ್ಳುವವರೆಗೆ ಫೆಂಡರ್ ಹೆಸರಿನ ಗಿಟಾರುಗಳಲ್ಲಿ ಬಹುಪಾಲು ಜಪಾನಿನಿಂದಲೇ ಬರುತ್ತಿದ್ದುವು. 1987ರಲ್ಲಿ ಗಡಿಯಾಚೆ ಮೆಕ್ಸಿಕೋದ ಎನ್ಸೆನಾಡದಲ್ಲಿ ಇನ್ನೊಂದು ಕಾರ್ಖಾನೆ ಆರಂಭವಾಯಿತು. ಆ ಕಾಲದ ಜಪಾನೀ ಗಿಟಾರುಗಳನ್ನು ಇಂದು ಅಮೆರಿಕದವರೇ ಹುಡುಕಿ ಕೊಳ್ಳುತ್ತಾರೆ. ನಿನ್ನೆಯ ‘ನಕಲಿ’ ಇಂದಿನ ‘ಅಸಲಿ’ಯಾಗಿದೆ!

ಇಷ್ಟೆಲ್ಲ ಹೇಳಿದೆವೆಂದು, ದುಬಾರಿಯ ಗಿಟಾರನ್ನು ಕೊಳ್ಳುವವರೆಲ್ಲ ಮೋಸಹೋದವರೆಂದು ತಿಳಿಯಬಾರದು. ಆ ಹಣಕ್ಕೆ ಏನು ದೊರೆಯುವುದು? ಮೆಟ್ಟುಗಳ ಅಂಚನ್ನು ಒಬ್ಬ ಕೆಲಸಗಾರನು ಕೈಯಿಂದ ಅರೆದು ನಯಮಾಡಿರುತ್ತಾನೆ; ಅಗ್ಗದ ಗಿಟಾರಿನಲ್ಲಿ ಮರವು ಒಣಗಿ ಕುಗ್ಗಿದಾಗ ಮೆಟ್ಟಿನ ತುದಿಗಳು ಹೊರಚಾಚಿ ಬೆರಳನ್ನು ಗೀರುವುದುಂಟು. ಬಿರಡೆಗಳು ಸಡಿಲವಿಲ್ಲದೆ ತಿರುಗಿ ಶ್ರುತಿಯನ್ನು ಹಿಡಿದು ನಿಲ್ಲಿಸುತ್ತವೆ. ಗುಂಡಿಗಳೂ ಸ್ವಿಚ್ಚುಗಳೂ ಬೇಗನೆ ಕೆಡುವುದಿಲ್ಲ. ಹತ್ತು ಗಿಟಾರುಗಳನ್ನು ತೆಗೆದುಕೊಂಡರೆ ಹತ್ತೂ ಹೆಚ್ಚುಕಡಮೆ ಒಂದೇ ಮಟ್ಟದಲ್ಲಿರುತ್ತವೆ; ಮರಳಿ ಮಾರುವಾಗ ಬೆಲೆಯೂ ಬರುತ್ತದೆ. ಇವು ನಿಜವಾದ ಲಾಭಗಳು. ಪ್ರತಿದಿನ ವೇದಿಕೆಯ ಮೇಲೆ ನುಡಿಸಿ ಜೀವನ ಮಾಡುವವನಿಗೆ ಇವು ಅವಶ್ಯಕ. ಆದರೆ ಬೆಲೆಯ ಅಂತರದಲ್ಲಿ ದೊಡ್ಡ ಪಾಲು ಕ್ಯಾಲಿಫೋರ್ನಿಯಾದ ಕೂಲಿಗೂ ಇಂಡೋನೇಷ್ಯಾದ ಕೂಲಿಗೂ ಇರುವ ಅಂತರ. ಕೂಲಿ ಕಡಮೆಯಾದುದಕ್ಕೆ ಕೆಲಸಗಾರನ ಕೈ ಕಡಮೆಯದೆಂದು ತಿಳಿಯುವುದು ತರ್ಕವೂ ಅಲ್ಲ, ಸೌಜನ್ಯವೂ ಅಲ್ಲ. ನಮ್ಮ ದೇಶದ ಕೈಗಳು ಮಾಡಿದ ವಸ್ತುವನ್ನು ಹೊರಗಿನವರು ಹೀಗೆಯೇ ತೂಗಿದರೆ ನಮಗೆ ಹೇಗಾದೀತು?

ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಸ್ನೇಹಿತರೊಬ್ಬರಲ್ಲಿ ಅಮೆರಿಕದ ಗಿಟಾರಿದೆ. ಅದನ್ನೂ ವಿದ್ಯಾರ್ಥಿಯ ಗಿಟಾರನ್ನೂ ಒಂದೇ ಕೇಬಲ್ಲು, ಒಂದೇ ಧ್ವನಿವರ್ಧಕದ ಮೂಲಕ ನಮ್ಮ ಎದುರಿಗೆ ನುಡಿಸಿದಾಗ, ಅಮೆರಿಕದ್ದರಲ್ಲಿ ಒಂದು ‘ಗಾಂಭೀರ್ಯ’ವಿದೆಯೆಂದು ನಾವೇ ತಲೆದೂಗಿದೆವು. ಬಳಿಕ ಸ್ನೇಹಿತರು ಪರದೆಯ ಹಿಂದೆ ಕುಳಿತು, ನಾಣ್ಯ ಚಿಮ್ಮಿ ಆರಿಸಿದ ಗಿಟಾರನ್ನು ಹತ್ತು ಸಲ ನುಡಿಸಿದರು. ನಾವು ಸರಿಯಾಗಿ ಗುರುತಿಸಿದುದು ಆರು ಸಲ. ಕಿವಿ ಮುಚ್ಚಿಕೊಂಡು ಬರಿದೇ ಊಹಿಸಿದವನಿಗೂ ಆರು ಅಥವಾ ಅದಕ್ಕಿಂತ ಹೆಚ್ಚು ಉತ್ತರ ಸರಿಯಾಗುವ ಸಂಭಾವ್ಯತೆ 1024ರಲ್ಲಿ 386 ಇದೆ. ವಿದ್ಯಾರ್ಥಿಗಳು ಇದನ್ನು ಲೆಕ್ಕ ಮಾಡಿ ನೋಡಬಹುದು. ಇದರಿಂದ ಎರಡು ಗಿಟಾರುಗಳೂ ಒಂದೇ ಎಂದು ಸಿದ್ಧವಾಗಲಿಲ್ಲ. ನಾವು ಕೇಳಿದೆವೆಂದ ಗಾಂಭೀರ್ಯವನ್ನು ಕಿವಿಯಿಂದಲೇ ಕೇಳಿದೆವೆನ್ನಲು ಆಧಾರವಿಲ್ಲವೆಂದು ಮಾತ್ರ ಸಿದ್ಧವಾಯಿತು.

ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. 2010ರಲ್ಲಿ ಅಮೆರಿಕದ ಇಂಡಿಯಾನಪೊಲಿಸ್ ನಗರದಲ್ಲಿ 21 ಮಂದಿ ನುರಿತ ಪಿಟೀಲು ವಾದಕರಿಗೆ ಕಣ್ಣು ಕಾಣದ ಕನ್ನಡಕ ಹಾಕಿ, ಮೂರು ಹೊಸ ಪಿಟೀಲುಗಳನ್ನೂ ಸ್ಟ್ರಾಡಿವಾರಿ, ಗ್ವಾರ್ನೇರಿ ಮೊದಲಾದ ಮಹಾಶಿಲ್ಪಿಗಳ ಮೂರು ಹಳೆಯ ಪಿಟೀಲುಗಳನ್ನೂ ಕೊಟ್ಟರು. ಹೆಚ್ಚು ಮೆಚ್ಚಿಕೆಗೆ ಪಾತ್ರವಾದುದು ಹೊಸದೊಂದು. ಕಡಮೆ ಮೆಚ್ಚಿಕೆ ಪಡೆದುದು ಒಂದು ಸ್ಟ್ರಾಡಿವಾರಿ. ಮತ್ತೊಂದು ಪ್ರಯೋಗದಲ್ಲಿ, ಹೆಸರುವಾಸಿಯಾದ ಹತ್ತು ಮಂದಿ ಏಕಾಂಗಿ ವಾದಕರ ಪೈಕಿ ಆರು ಮಂದಿ ಹೊಸ ಪಿಟೀಲನ್ನೇ ಆರಿಸಿದರೆಂದು 2014ರಲ್ಲಿ ಪ್ರಕಟವಾಯಿತು. ಕಣ್ಣು, ಹೆಸರು, ಬೆಲೆ ಇವು ಮೂರೂ ಕಿವಿಯ ಮೇಲೆ ಅಧಿಕಾರ ನಡೆಸುತ್ತವೆ. ಅವನ್ನು ಸ್ವಲ್ಪ ಹೊತ್ತು ಬಾಗಿಲಾಚೆ ನಿಲ್ಲಿಸುವುದೇ ವಿಜ್ಞಾನದ ಪದ್ಧತಿ.

ನಮ್ಮ ವಿದ್ಯಾರ್ಥಿಯ ಗಿಟಾರಿಗೆ ಏನಾಯಿತೆಂದು ಓದುಗರಿಗೆ ಕುತೂಹಲವಿರಬಹುದು. ಅವನು ಅದನ್ನು ನಮ್ಮ ಪ್ರಯೋಗಶಾಲೆಗೆ ತಂದನು. ತಂತಿಗಳು ತುಕ್ಕು ಹಿಡಿದಿದ್ದುವು. ಕೊಂಡಂದಿನಿಂದ ಅವನ್ನು ಬದಲಾಯಿಸಿರಲಿಲ್ಲ. ಹೊಸ ತಂತಿಗಳನ್ನು ಹಾಕಿ, ಹನ್ನೆರಡನೆಯ ಮೆಟ್ಟಿನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿದಾಗ ಬರುವ ಉಪಸ್ವರವನ್ನೂ, ಅಲ್ಲಿಯೇ ಒತ್ತಿ ನುಡಿಸಿದಾಗ ಬರುವ ಸ್ವರವನ್ನೂ ಮೊಬೈಲ್ ಫೋನಿನ ಶ್ರುತಿಮಾಪಕದಿಂದ ಹೋಲಿಸಿದೆವು. ಆರು ತಂತಿಗಳಲ್ಲಿ ನಾಲ್ಕರಲ್ಲಿ ಎರಡೂ ಹೊಂದುತ್ತಿರಲಿಲ್ಲ. ಕುದುರೆಯ ತಿರುಪುಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಹೊಂದಿಸಲು ಮುಕ್ಕಾಲು ಗಂಟೆ ಹಿಡಿಯಿತು. ಬಳಿಕ ಅವನು ನುಡಿಸಿದಾಗ ಮೊದಲು ಅವನ ಮುಖ ಅರಳಿತು, ಕೂಡಲೇ ಬಾಡಿತು. ನಾದ ಕೂಡಿಬಂದಿತ್ತು, ಎಂಟು ತಿಂಗಳು ಸುಮ್ಮನಿದ್ದ ಬೆರಳುಗಳು ಮಾತ್ರ ಓಡುತ್ತಿರಲಿಲ್ಲ. ಅದನ್ನು ಸರಿಪಡಿಸುವ ತಿರುಪು ನಮ್ಮ ಪ್ರಯೋಗಶಾಲೆಯಲ್ಲಿರಲಿಲ್ಲ.

ಆದುದರಿಂದ ವಿದ್ಯಾರ್ಥಿಗಳಿಗೆ ನಾವು ಹೇಳುವುದಿಷ್ಟು. ಗಿಟಾರೇ ಆಗಲಿ, ದೂರದರ್ಶಕವಾಗಲಿ, ಕ್ಯಾಮರಾ ಆಗಲಿ, ಕೈಯಲ್ಲಿರುವ ಸಾಧನವನ್ನು ಮೊದಲು ಬಿಚ್ಚಿ ಅರಿಯಿರಿ, ಅಳೆಯಿರಿ, ಸರಿಪಡಿಸಿರಿ. ಅದರ ಮಿತಿಯನ್ನು ನೀವು ನಿಜವಾಗಿ ಮುಟ್ಟಿದಾಗ ಅದೇ ನಿಮಗೆ ತಿಳಿಯುತ್ತದೆ. ಆಗ ಹೆಚ್ಚಿನ ಬೆಲೆಯದನ್ನು ಕೊಳ್ಳಲು ಕಾರಣವೂ ಇರುತ್ತದೆ. ಕೊಳ್ಳುವ ಮುನ್ನ ಒಂದು ಸಲ ಪರದೆಯ ಹಿಂದೆ ನುಡಿಸಿ ಕೇಳಿರಿ. ನಮ್ಮ ವಿದ್ಯಾರ್ಥಿಯು ಮನೆಪಾಠವನ್ನು ಬಿಟ್ಟಿಲ್ಲ, ಹಣವನ್ನೂ ಕೂಡಿಸುತ್ತಿದ್ದಾನೆ. ಅದರಿಂದ ಏನನ್ನು ಕೊಳ್ಳುವನೋ ನಾವು ಕೇಳಿಲ್ಲ. ದಿನವೂ ಒಂದು ಗಂಟೆ ಅದೇ ಗಿಟಾರನ್ನು ನುಡಿಸುತ್ತಿದ್ದಾನೆಂಬುದು ಮಾತ್ರ ನಮಗೆ ಗೊತ್ತು.